ನಾಲ್ಕನೆಯ ಹೆಗಲು

ಕಂಪನಿಯವರು ನನ್ನನ್ನು ಆ ಊರಿಗೆ ಕಳಿಸಿದ್ದು ಕಸೂತಿ ಹಾಕುವ ಯಂತ್ರ ಕೂರಿಸಿ, ಅಲ್ಲಿಯ ಮಹಿಳಾ ಸಂಘದವರಿಗೆ ಅದನ್ನು ಓಡಿಸಲು ಕಲಿಸಿ ಬರಲಿ ಎಂದು. ವಾರದ ಕೆಲಸ ಎಂದಿದ್ದರು. ಯಂತ್ರ ಬಂತು, ಮೋಟಾರು ಬರಲಿಲ್ಲ. ಮೋಟಾರು ಬಂತು, ನೋಡಿದರೆ ಅದು ಇನ್ಯಾವುದೋ ಯಂತ್ರದ್ದು. ಫೋನು ಮಾಡಿದಾಗಲೆಲ್ಲ ನಮ್ಮ ಮ್ಯಾನೇಜರು, "ಇನ್ನೊಂದು ವಾರ ಇದ್ದುಬಿಡಿ ಕಾತ್ಯಾಯಿನಿಯವರೇ, ಹೋಟೆಲಿನ ಖರ್ಚು ಹೇಗೂ ನಮ್ದೇ ಅಲ್ವಾ" ಎನ್ನುತ್ತಿದ್ದ. ಅವನಿಗೇನು, ಮನೆಯಲ್ಲಿ ಕೂತು ಬಿಸಿ ಅನ್ನ ಉಣ್ಣುವವನು. ಮಾವು ಹೂ ಬಿಟ್ಟಾಗ ಹೋದವಳು, ಹಣ್ಣಿನ ಕಾಲ ಮುಗಿಯುತ್ತ ಬಂದರೂ 'ಸುಖನಿವಾಸ'ದ ಮಹಡಿ ಮೇಲಿನ ಕೋಣೆಯಲ್ಲೇ ಇದ್ದೆ.

ಹೋಟೆಲಿನಲ್ಲಿ ಬಹಳ ಕಾಲ ಇದ್ದವರಿಗೆ ನಾನು ಹೇಳುವುದು ತಿಳಿಯುತ್ತದೆ. ಮೊದಮೊದಲು ನೀವು ಅತಿಥಿ, ಆಮೇಲೆ ಗಿರಾಕಿ, ಅದಾದ ಮೇಲೆ ಮನೆ ಬೆಕ್ಕು. ಏನು ಬೇಕೆಂದು ಯಾರೂ ಕೇಳುವುದಿಲ್ಲ, ತಟ್ಟೆ ತಾನಾಗಿ ಮುಂದೆ ಬಂದು ಕೂರುತ್ತದೆ. ಬೆಳಗ್ಗೆ ಒಂದು ಬಕೆಟ್ ಬಿಸಿನೀರು, ಒಗೆದು ಒಗೆದು ಜಾಳಾದ ಟವೆಲು, ಕಿಟಕಿಯಾಚೆ ಪಾಚಿಗಟ್ಟಿದ ಗೋಡೆ, ಪಕ್ಕದ ಕೋಣೆಯಿಂದ ಯಾರದೋ ಕೆಮ್ಮು. ಒಂಟಿ ಹೆಂಗಸು ತಿಂಗಳುಗಟ್ಟಲೆ ಲಾಡ್ಜಿನಲ್ಲಿ ಇದ್ದಾಳೆಂದರೆ ನಮ್ಮ ಕಡೆ ಇಲ್ಲದ ಮಾತೆಲ್ಲ ಆಡುತ್ತಿದ್ದರು. ಅಲ್ಲಿ ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಊರವರು ಹೊಸಬರನ್ನು ಕಂಡರೆ ಮೊದಲು ನೋಡುತ್ತಿದ್ದುದು ಗಂಡಸರ ಹೆಗಲನ್ನು.

ಯಾಕೆಂದರೆ ಆ ಊರಿನಲ್ಲಿ ಊರವರು ತಮ್ಮ ಹೆಣಕ್ಕೆ ತಾವು ಹೆಗಲು ಕೊಡುವುದಿಲ್ಲ, ಹೋಟೆಲಿನಲ್ಲಿ ಇಳಿದುಕೊಂಡವರು ಕೊಡುತ್ತಾರೆ. ನಾನು ಹೋದ ಹೊಸತರಲ್ಲಿ ಒಂದು ಬೆಳಗ್ಗೆ ದೋಸೆ ತಿನ್ನುತ್ತ ಕೂತಿದ್ದೆ. ಒದ್ದೆ ಪಂಚೆಯ ಒಬ್ಬ ಬಾಗಿಲಲ್ಲಿ ಬಂದು ಕೈಮುಗಿದು ನಿಂತ. ಹೋಟೆಲಿನ ಯಜಮಾನ ರುದ್ರಮುನಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು, ಮೂಲೆಯ ಮೇಜಿನತ್ತ ನೋಡಿ, "ಏಳಿ ಸ್ವಾಮಿ, ಹಿರಿಯರೊಬ್ರು ಹೋಗಿದಾರೆ" ಎಂದ. ನಾಲ್ಕು ಜನ ಗಂಡಸರು ತಟ್ಟೆಯಲ್ಲಿದ್ದುದನ್ನು ಅಷ್ಟಕ್ಕೇ ಬಿಟ್ಟು, ಕೈ ತೊಳೆದು ಹೊರಟರು. ಮಧ್ಯಾಹ್ನದ ಹೊತ್ತಿಗೆ ಅವರು ಸ್ನಾನ ಮಾಡಿ ಬಂದು ಕೂತಾಗ ಸತ್ತವರ ಮನೆಯಿಂದ ಹೋಟೆಲಿಗೆ ಒಂದು ಬುಟ್ಟಿ ಬಾಳೆಹಣ್ಣು ಬಂದಿತ್ತು.

ಬೀಜದ ಕಂಪನಿಯ ಕುಬೇರಪ್ಪ, ಬೋರ್‌ವೆಲ್ ಪಂಪು ಮಾರುವ ತಿಪ್ಪೇಶಿ, ಔಷಧಿ ಕಂಪನಿಯ ಫಿಲಿಪ್ಪ, ಇವರೆಲ್ಲರಿಗಿಂತ ಹಿರಿಯರಾದ ತಕ್ಕಡಿ ಮಾರುವ ದೇಶಭಂಡಾರಿ, ಇವರೇ ಆ ನಾಲ್ಕು ಜನ. ನಾಲ್ವರೂ ನನ್ನ ಹಾಗೆ ಕೆಲಸದ ಮೇಲೆ ಬಂದವರೇ. ಒಮ್ಮೆ ಹೆಗಲು ಕೊಟ್ಟವನಿಗೆ ಆಮೇಲೆ ಊರು ಬಿಡಲಾಗುವುದಿಲ್ಲ. ಅವನು ಹತ್ತಿದ ಬಸ್ಸು ಸ್ಟಾರ್ಟೇ ಆಗುವುದಿಲ್ಲ. ನಡೆದು ಹೋಗುತ್ತೇನೆಂದು ಕುಬೇರಪ್ಪ ಒಮ್ಮೆ ಹೊರಟನಂತೆ, ಎಷ್ಟು ನಡೆದರೂ ಸುತ್ತಿ ಸುತ್ತಿ ಮಸಣದ ಬೇಲಿಗೇ ಬಂದನಂತೆ. ಹೊರಗಿನವನೊಬ್ಬ ತಾನಾಗಿ ಬಂದು ಚಟ್ಟದ ಬೊಂಬನ್ನು ನಿಮ್ಮ ಹೆಗಲಿನಿಂದ ತನ್ನ ಹೆಗಲಿಗೆ ತೆಗೆದುಕೊಂಡರೆ ನಿಮಗೆ ಬಿಡುಗಡೆ, ಆಮೇಲೆ ಅವನ ಪಾಡು ಅವನದು. ತಿಪ್ಪೇಶಿ ಸಿಕ್ಕಿಬಿದ್ದದ್ದೂ ಹಾಗೆಯೇ. ಬಸ್ಸಿಳಿದವನೇ ಎದುರಿಗೆ ಹೆಣ ಬರುವುದನ್ನು ಕಂಡು, ಮುದುಕನೊಬ್ಬ ಏದುಸಿರು ಬಿಡುತ್ತಿದ್ದನೆಂದು ಚಪ್ಪಲಿ ಬಿಟ್ಟು ಹೋಗಿ ಹೆಗಲು ಕೊಟ್ಟ. "ನಮ್ಮಪ್ಪ ಹಂಗೆ ಕಲಿಸಿದ್ದ ಕಣಕ್ಕ, ಎದುರಿಗೆ ಹೆಣ ಬಂದ್ರೆ ನಾಲ್ಕು ಹೆಜ್ಜೆ ಹೊರಬೇಕು ಅಂತ" ಎನ್ನುತ್ತಿದ್ದ. ಈಗಿನವರು ಹೆಣ ಕಂಡರೆ ಮೂಗಿಗೆ ಕರವಸ್ತ್ರ ಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ಅಂಥವರು ಆ ಊರಿಗೆ ಬಂದು, ವ್ಯಾಪಾರ ಮುಗಿಸಿ, ಸುಖವಾಗಿ ಮನೆಗೆ ಹೋಗುತ್ತಿದ್ದರು.

ಊರವರು ಕೆಟ್ಟವರೆಂದು ನಾನು ಹೇಳಲಾರೆ, ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದ್ದರೂ. ಆ ನಾಲ್ವರಿಗೆ ಕ್ಷೌರಕ್ಕೆ ಯಾರೂ ಕಾಸು ಕೇಳುತ್ತಿರಲಿಲ್ಲ. ಹೆಗಲು ನೋವಿಗೆ ಎಣ್ಣೆ ಕಾಯಿಸಿ ಕಳಿಸುತ್ತಿದ್ದರು. ನನ್ನ ಯಂತ್ರಕ್ಕೆ ಮೋಟಾರು ಬರುವ ತನಕ ಸಂಘದ ಹೆಂಗಸರಿಗೆ ಕೈಯಲ್ಲೇ ಹೊಲಿಗೆ ಕಲಿಸುತ್ತಿದ್ದೆ. ಅವರು ಮೊದಲು ಹಾಕಿದ ಕಸೂತಿ ಚಟ್ಟ ಹೊರುವವರು ಹೆಗಲ ಮೇಲೆ ಇಟ್ಟುಕೊಳ್ಳುವ ದಿಂಬಿಗೆ, ಎರಡು ಗಿಳಿ, ನಡುವೆ ಒಂದು ಹೂವಿನ ಬಳ್ಳಿ. ಹಾಲಮ್ಮ ಎಂಬ ಅಜ್ಜಿಯಂತೂ ಕೋಡುಬಳೆ ಮಾಡಿಕೊಂಡು ಹೋಟೆಲಿಗೇ ಬರುತ್ತಿದ್ದಳು. "ತಿನ್ರಪ್ಪ, ಮೈ ಬರಲಿ. ನನ್ನ ಸರದಿ ಬಂದಾಗ ವಸಿ ನಿಧಾನಕ್ಕೆ ಹೋಗ್ರಿ, ನಂಗೆ ಮೊದಲೇ ತಲೆ ಸುತ್ತು" ಎಂದು ನಾಲ್ವರ ಬೆನ್ನು ಸವರುತ್ತಿದ್ದಳು. ನಗಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ.

ನನಗೆ ಈ ಯಾವ ಭಯವೂ ಇರಲಿಲ್ಲ. ಹೆಂಗಸರು ಎಲ್ಲಾದರೂ ಹೆಣ ಹೊರುತ್ತಾರೆಯೇ? ಹೆಣ್ಣಾಗಿ ಹುಟ್ಟಿದ್ದಕ್ಕೆ ನನಗೆ ಲಾಭವಾದದ್ದು ಅದೊಂದೇ ಊರಿನಲ್ಲಿ. ನನ್ನ ಚಿಂತೆಯೇ ಬೇರೆ. ಮಗಳು ಇಂದುಮತಿ, ನಮ್ಮ ಇಂದು, ಬಸುರಿ. ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಹೋಗಿ, ಇದು ಮೂರನೆಯದು. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದರು. ಅತ್ತೆ ಇಲ್ಲದ ಮನೆ. ಅಳಿಯ ಮಧುಕೇಶರೇ ಶಾಲೆಗೆ ರಜಾ ಹಾಕಿ ಗಂಜಿ ಕಾಯಿಸಿ ಕೊಡುತ್ತಿದ್ದರು, ಅವಳ ತಲೆ ಬಾಚುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು. ಸಂಜೆ ಸಂಜೆ ಗಲ್ಲಾಪೆಟ್ಟಿಗೆಯ ಪಕ್ಕದ ಫೋನಿನಲ್ಲಿ ಇಂದು, "ಅಮ್ಮ, ನೀನು ಬಂದ್ಮೇಲೇ ಹೆರಿಗೆ ಆಗೋದು, ನಾನು ಬಿಗಿ ಹಿಡ್ಕೊಂಡಿದೀನಿ" ಎಂದು ನಗುತ್ತಿದ್ದಳು. ನಾನು ಫೋನಿಟ್ಟು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ.

ಹಾಗೆ ಅಳುವಾಗ ಪಕ್ಕದಲ್ಲಿ ಬಂದು ಕೂರುತ್ತಿದ್ದವರು ದೇಶಭಂಡಾರಿ. ಕರಾವಳಿಯ ಮನುಷ್ಯ, ಬಾಯಿ ತುಂಬ ಮಾರಾಯ್ತಿ. "ಎಂತಕ್ಕೆ ಅಳ್ತೆ ಮಾರಾಯ್ತಿ? ನಿಂಗೆ ಬಸ್ಸುಂಟು, ಹೋಪುಕೆ ಮಗಳುಂಟು. ನನ್ನ ನೋಡು" ಎನ್ನುತ್ತಿದ್ದರು. ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಇದ್ದ ತಮ್ಮನೊಬ್ಬ ಇವರು ಸತ್ತೇಹೋದರೆಂದು ತಿಳಿದು ವರ್ಷವರ್ಷ ತಿಥಿ ಮಾಡುತ್ತಿದ್ದನಂತೆ. ಅವರಿಗೆ ಒಂದೇ ಹೆದರಿಕೆ. ಮಹಡಿಯ ಕೊನೆಯಲ್ಲಿ ಬೀಗ ಹಾಕಿದ ಕೋಣೆಯೊಂದಿತ್ತು. ಹಿಂದೆ ಯಾವಾಗಲೋ ಹೊರುವವರಲ್ಲೇ ಒಬ್ಬ ಸತ್ತು, ಉಳಿದವರು ಮೂವರೇ ಆಗಿ, ನಾಲ್ಕನೆಯವನು ಸಿಗುವ ತನಕ ಅವನು ಅಲ್ಲೇ ಮಲಗಿದ್ದನಂತೆ, ಬೇಸಿಗೆಯಲ್ಲಿ. "ಹಾಂಗೆ ಆಪುಕಾಗ, ಅಷ್ಟೇ" ಎನ್ನುತ್ತಿದ್ದರು, ತನಗೂ ಹಾಗಾಗಬಾರದೆಂದು. ಆಗೆಲ್ಲ ಅವರ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೂ ಸರಿಯಾದ ಮೋಟಾರು ಬಂತು. ಯಂತ್ರ ಗುಂಯ್ ಎಂದು ಓಡಿತು, ಹೆಂಗಸರು ಚಪ್ಪಾಳೆ ತಟ್ಟಿದರು, ನಾನು ಮರುದಿನದ ಬಸ್ಸಿಗೆ ಬಟ್ಟೆ ಕಟ್ಟಿದೆ. ಬೆಳಗ್ಗೆ ಚೀಲ ಹಿಡಿದು ಕೆಳಗಿಳಿದರೆ ದೇಶಭಂಡಾರಿ ಕಾಫಿಗೆ ಬಂದಿರಲಿಲ್ಲ. ತಿಪ್ಪೇಶಿ ಮೇಲೆ ಹೋಗಿ ಬಾಗಿಲು ದೂಡಿ ನೋಡಿ ಬಂದವನು ಕುರ್ಚಿಯಲ್ಲಿ ಕುಸಿದು ಕೂತ. "ಹೋಗ್ಬಿಟ್ರು ಕಣಕ್ಕ" ಎಂದ.

ಸ್ವಲ್ಪ ಹೊತ್ತಿನಲ್ಲಿ ಹೋಟೆಲಿನ ಮುಂದೆ ಊರೇ ನೆರೆಯಿತು. ಹೂವು ತಂದರು, ಹೊಸ ಬಟ್ಟೆ ತಂದರು, ಚಟ್ಟ ಕಟ್ಟಿದ್ದಾಯಿತು. ಎಲ್ಲರ ಕಣ್ಣಲ್ಲೂ ನೀರು, ಆದರೆ ಎಲ್ಲರ ಕೈಯೂ ಬೆನ್ನ ಹಿಂದೆ. ಕುಬೇರಪ್ಪ, ತಿಪ್ಪೇಶಿ, ಫಿಲಿಪ್ಪ ಮೂರು ಮೂಲೆಯಲ್ಲಿ ನಿಂತರು, ನಾಲ್ಕನೆಯ ಮೂಲೆ ಖಾಲಿ. ಸೂರ್ಯ ಮೇಲೇರುತ್ತಿದ್ದ. ರುದ್ರಮುನಿ ಒಳಗೆ ಹೋಗಿ ಬೀಗದ ಕೈ ಗೊಂಚಲು ತಂದ. ಅವನು ಯಾವ ಕೋಣೆಯ ಬೀಗ ತೆಗೆಯಲು ಹೊರಟಿದ್ದಾನೆಂದು ನನಗೆ ಗೊತ್ತಾಯಿತು. ಮೈ ಉರಿದುಹೋಯಿತು.

"ಏನ್ರೀ, ಇಷ್ಟು ಜನ ಗಂಡಸರು ನಿಂತಿದೀರಿ, ಒಬ್ಬರಿಗೂ ಹೆಗಲಿಲ್ವಾ?" ಎಂದು ಕೂಗಿದೆ. ರುದ್ರಮುನಿ ಕೈಮುಗಿದು, "ಮೇಡಮ್ಮೋರೆ, ನೀವು ಹೊರಡಿ, ಬಸ್ಸಿಗೆ ಹೊತ್ತಾಯ್ತು" ಎಂದ. "ನಾನು ಹಿಡೀತೀನಿ" ಎಂದೆ. ಹಿರಿಯರು ಮುಖ ಮುಖ ನೋಡಿಕೊಂಡರು. ಬಿಳಿ ಮೀಸೆಯವರೊಬ್ಬರು, "ಹೆಂಗಸಿನ ಹೆಗಲು ಲೆಕ್ಕಕ್ಕಿಲ್ಲ ತಾಯಿ. ಹಿಡಿದ್ರೂ ದೋಷ ಇಲ್ಲ, ಬಿಟ್ರೂ ದೋಷ ಇಲ್ಲ" ಎಂದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಲೆಕ್ಕಕ್ಕಿಲ್ಲ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಅದೇ ಮೊದಲು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಳಿಯ ದಿಂಬು ಹೆಗಲಿಗಿಟ್ಟುಕೊಂಡು, ನಾಲ್ಕನೆಯ ಮೂಲೆಗೆ ನಿಂತೆ. ದೇಶಭಂಡಾರಿ ಒಣಕಲು ಮನುಷ್ಯ, ಆದರೂ ಹೆಣ ಭಾರವೇ. ದಾರಿಯುದ್ದಕ್ಕೂ ಅವರನ್ನು ಬಯ್ದುಕೊಂಡು, ಅತ್ತುಕೊಂಡು ಹೋದೆ.

ಸ್ನಾನ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೋಗಿ ಕೂತೆ. ಡ್ರೈವರು ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ. ಬಸ್ಸಿನ ಜನ ಒಬ್ಬೊಬ್ಬರಾಗಿ ಹಿಂದೆ ತಿರುಗಿ ಯಾರು, ಯಾರು ಎಂದು ಹುಡುಕಿ, ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನಾನು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ಯಾರಾದರೂ ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಆ ಊರವರಿಗೆ ಬಯ್ಯಲೂ ಬರುವುದಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಮೆಲ್ಲಗೆ ನನ್ನ ಕೈ ಮುಟ್ಟಿ, "ಇಳೀರಿ ತಾಯಿ, ನಮ್ಮ ಯಜಮಾನ್ರನ್ನ ಆಸ್ಪತ್ರೆಗೆ ಸೇರ್ಸಿದೀವಿ, ಹೋಗ್ಬೇಕು" ಎಂದಳು. ಇಳಿದೆ. ಕಾಲು ನೆಲಕ್ಕೆ ಊರುವಷ್ಟರಲ್ಲಿ ಬಸ್ಸು ಸ್ಟಾರ್ಟ್ ಆಯಿತು.

ಬಿಳಿ ಮೀಸೆಯವರ ಮನೆ ಹುಡುಕಿಕೊಂಡು ಹೋಗಿ ಬಾಗಿಲು ಬಡಿದೆ. "ಲೆಕ್ಕಕ್ಕಿಲ್ಲ ಅಂದ್ರಲ್ಲ!" ಎಂದೆ. ಮುದುಕರು ಹೊಸಿಲಿಗೆ ಬಂದರು. "ಯಾವ ಹೆಂಗಸೂ ಹಿಡಿದಿರ್ಲಿಲ್ಲ ತಾಯಿ, ಗೊತ್ತಿರ್ಲಿಲ್ಲ. ತಪ್ಪಾಯ್ತು" ಎಂದು ನನ್ನ ಕಾಲಿಗೆ ಬೀಳಲು ಬಂದರು. ಅವರ ತಪ್ಪೊಪ್ಪಿಗೆ ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಲೇ? ವಾಪಸು ಬಂದು ಅದೇ ಕೋಣೆಯಲ್ಲಿ ಚೀಲ ಇಟ್ಟೆ.

ಸಂಜೆ ಇಂದು ಫೋನು ಮಾಡಿ, "ಬಸ್ಸು ಸಿಗ್ಲಿಲ್ವಾ ಅಮ್ಮ?" ಎಂದಳು. ಏನೆಂದು ಹೇಳಲಿ? ಹಾಸಿಗೆ ಹಿಡಿದ ಬಸುರಿಗೆ ಹೆಣದ ಮಾತು ಹೇಳಲಾಗುತ್ತದೆಯೇ? "ಸ್ವಲ್ಪ ಜ್ವರ ಕಣೆ, ಕಮ್ಮಿಯಾದ ಕೂಡ್ಲೆ ಬರ್ತೀನಿ" ಎಂದುಬಿಟ್ಟೆ. "ಮಾತ್ರೆ ತಗೋ" ಎಂದಳು. ಫೋನಿಟ್ಟಳು.

ಮರುದಿನ ತಿಂಡಿಯ ಹೊತ್ತಿಗೆ ಮತ್ತೆ ಅವಳದೇ ಫೋನು. "ಅಮ್ಮ, ನೀನು ಒಬ್ಳೇ ಜ್ವರ ಇಟ್ಕೊಂಡು ಹೋಟೆಲಲ್ಲಿ ಇರೋದು ಬೇಡ. ಇವರು ಮೊದಲನೇ ಬಸ್ಸಿಗೇ ಹೊರಟಿದಾರೆ. ನಿನ್ನ ಕರ್ಕೊಂಡೇ ಬರ್ತಾರೆ. ಪಕ್ಕದ ಮನೆ ಆಂಟಿ ಸಂಜೆ ತನಕ ನನ್ನ ಜೊತೆ ಇರ್ತಾರೆ."

"ಬೇಡ್ವೇ! ಅವರನ್ನ ಕಳಿಸ್ಬೇಡ! ವಾಪಸ್ ಕರಿ!"

"ಹೊರಟು ಆಗ್ಲೇ ಎಷ್ಟೊತ್ತಾಯ್ತಮ್ಮ. ಯಾಕೆ ಹಿಂಗೆ ಕಿರುಚ್ತೀಯ? ಜ್ವರ ಜಾಸ್ತಿ ಆಗಿದ್ಯಾ?"

ರಿಸೀವರು ಕೈಯಲ್ಲೇ ಇತ್ತು. ರುದ್ರಮುನಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ್ದ. "ಅಳಿಯಂದ್ರು ಎತ್ತರಕ್ಕಿದಾರಾ ಮೇಡಮ್ಮೋರೆ?" ಎಂದು ಕೇಳಿದ. ಗಲ್ಲಾಪೆಟ್ಟಿಗೆ ಎತ್ತಿ ಅವನ ತಲೆ ಮೇಲೆ ಹಾಕಬೇಕೆನಿಸಿತು. "ನನ್ನ ಅಳಿಯನ ಹೆಸರು ನಿನ್ನ ಬಾಯಲ್ಲಿ ಬಂದ್ರೆ ನಾಲಿಗೆ ಕೀಳ್ತೀನಿ" ಎಂದೆ. ಅವನು ತಲೆ ತಗ್ಗಿಸಿದ. ತಿಪ್ಪೇಶಿ, ಕುಬೇರಪ್ಪ, ಫಿಲಿಪ್ಪ ಮೂಲೆಯ ಮೇಜಿನಿಂದ ನನ್ನನ್ನೇ ನೋಡುತ್ತಿದ್ದರು. ಮೂವರ ಕಣ್ಣಲ್ಲೂ ಆಸೆ ಇತ್ತು. ಅವರನ್ನೂ ಬಯ್ಯಲು ನನಗೆ ಬಾಯಿ ಬರಲಿಲ್ಲ.

ಬಸ್ಸು ಬರುವ ಮೊದಲೇ ಹೋಗಿ ನಿಲ್ಲಬೇಕು, ಮಧುಕೇಶರು ಇಳಿಯುವ ಮುಂಚೆಯೇ ಅವರನ್ನು ಬಾಗಿಲಿನಿಂದ ಒಳಕ್ಕೆ ದೂಡಬೇಕು, ಹಣೆಬರಹ ಏನೇ ಇರಲಿ ಆ ಬಸ್ಸಿನಲ್ಲೇ ವಾಪಸು ಕಳಿಸಬೇಕು, ಇಷ್ಟೇ ನನ್ನ ತಲೆಯಲ್ಲಿ. ಸೆರಗು ಸರಿಮಾಡಿಕೊಂಡು ಹೊರಟರೆ ಬಾಗಿಲಲ್ಲಿ ಒದ್ದೆ ಪಂಚೆಯವನೊಬ್ಬ ಕೈಮುಗಿದು ನಿಂತಿದ್ದ.

"ನಾನು ಬರಲ್ಲ" ಎಂದೆ. "ನಮ್ಮ ಅಳಿಯನ್ನ ವಾಪಸ್ ಕಳಿಸೋ ತನಕ ನಾನು ಯಾವ ಹೆಣಾನೂ ಮುಟ್ಟಲ್ಲ." ಅವನು ಪಕ್ಕಕ್ಕೆ ಸರಿದ. ಹಿಂದೆ ಒಂದು ಹೆಂಗಸು ನಿಂತಿತ್ತು, ಸತ್ತವನ ಹೆಂಡತಿ. ಇಂದುವಿನ ವಯಸ್ಸೇ. ಅತ್ತು ಅತ್ತು ದನಿ ಹೋಗಿತ್ತು. "ಬಿಸಿಲು ಏರ್ತಾ ಐತಮ್ಮ" ಎಂದಿತು, ಅಷ್ಟೇ. ತಿಪ್ಪೇಶಿ ನನ್ನ ಪಕ್ಕ ಬಂದು, "ಆ ಬಸ್ಸು ಯಾವತ್ತು ಟೈಮಿಗೆ ಬಂದಿದೆ ಅಕ್ಕ? ಹೋಗಿ ಬಂದುಬಿಡಬಹುದು" ಎಂದ. ಹೇಳುವಾಗ ನೆಲ ನೋಡುತ್ತಿದ್ದ. ಅದೂ ನಿಜವೇ, ನಾನಿದ್ದಷ್ಟು ಕಾಲ ಅದು ಒಂದು ದಿನವಾದರೂ ಹೊತ್ತಿಗೆ ಬಂದದ್ದಿಲ್ಲ. ಹೋದೆ. ಬೇಗ ಬೇಗ ಹೆಜ್ಜೆ ಹಾಕಿರೆಂದು ಮೂವರನ್ನೂ ಗದರುತ್ತ, ಓಡುತ್ತಲೇ ಹೋದೆ.

ಮಸಣಕ್ಕೆ ದಾರಿ ಬಸ್‌ಸ್ಟ್ಯಾಂಡಿನ ಮುಂದೆಯೇ. ತಿರುವಿನಲ್ಲಿ ನೋಡುತ್ತೇನೆ, ಬಸ್ಸು ಬಂದು ನಿಂತಿದೆ. ಜನ ಇಳಿಯುತ್ತಿದ್ದಾರೆ. ಬಿಳಿ ಅಂಗಿ, ಕೈಯಲ್ಲಿ ಔಷಧಿಯ ಪೊಟ್ಟಣ, ಒಂದು ಫ್ಲಾಸ್ಕು. ಮಧುಕೇಶರು ನನಗೆ ಗಂಜಿ ತಂದಿದ್ದರು. "ಹತ್ತಿ! ವಾಪಸ್ ಹತ್ತಿ! ಇಳೀಬೇಡಿ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಮುಂದೆ ಹಲಗೆ ಬಡಿಯುತ್ತಿದ್ದರು. ಅವರಿಗೆ ಕೇಳಿಸಿದ್ದು ಅತ್ತೆ ಕಿರುಚುವುದು ಮಾತ್ರ, ಕಾಣಿಸಿದ್ದು ಜ್ವರದ ಅತ್ತೆ ಬಿಸಿಲಿನಲ್ಲಿ ಚಟ್ಟ ಹೊತ್ತು ತಡವರಿಸುವುದು. ಫ್ಲಾಸ್ಕು ಪೊಟ್ಟಣ ಎರಡನ್ನೂ ಕಂಡಕ್ಟರ್ ಕೈಗೆ ಕೊಟ್ಟು ಓಡಿ ಬಂದರು. ಮುಂದಿದ್ದ ಕುಬೇರಪ್ಪ ಬೇಕೆಂದೇ ಎಡವಿ ಮಂಡಿಯೂರಿದ. ಮಧುಕೇಶರು ಅವನ ಕಡೆ ನೋಡಲೂ ಇಲ್ಲ. ನನ್ನ ಹತ್ತಿರ ಬಂದು ಚಪ್ಪಲಿ ಬಿಟ್ಟರು.

"ಬೇಡ ಮಧುಕೇಶ್, ನಿಮಗೆ ಕೈಮುಗೀತೀನಿ, ಮುಟ್ಟಬೇಡಿ" ಎಂದೆ. ಬೊಂಬನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ.

"ಬಿಡಿ ಅತ್ತೆ, ಸಮಾಧಾನ ಮಾಡ್ಕೊಳ್ಳಿ" ಎಂದರು. ತೀರಿಕೊಂಡವರು ನನಗೆ ತುಂಬ ಬೇಕಾದವರೆಂದು ತಿಳಿದಿರಬೇಕು. ಒಂದೊಂದೇ ಬೆರಳನ್ನು, ನೋವಾಗದ ಹಾಗೆ, ಬಿಡಿಸಿದರು. "ನಾನಿದೀನಲ್ಲ, ನಿಮಗ್ಯಾಕೆ ಈ ಕಷ್ಟ." ನಾನು ಬಿಗಿ ಹಿಡಿದಷ್ಟೂ ಅವರು ಮೃದುವಾದರು. ಮೈಯಲ್ಲಿ ಶಕ್ತಿಯಿದ್ದರೆ ಅವರ ಕೆನ್ನೆಗೆ ಬಾರಿಸಿಯಾದರೂ ಓಡಿಸುತ್ತಿದ್ದೆ. ಬಗ್ಗಿ ತಮ್ಮ ಹೆಗಲನ್ನು ನನ್ನ ಹೆಗಲ ಪಕ್ಕಕ್ಕೆ ತಂದು, ಮೆಲ್ಲಗೆ ಮೇಲೆತ್ತಿದರು. ನನ್ನ ಹೆಗಲು ಹಗುರಾಯಿತು.

ಹಲಗೆ ನಿಂತಿತು. ರಸ್ತೆಯ ಎರಡೂ ಕಡೆ ನಿಂತಿದ್ದ ಊರಿನವರು ಅವರಿಗೆ ಕೈಮುಗಿದರು, ಅವರೂ ಕತ್ತು ಬಗ್ಗಿಸಿ ಮರ್ಯಾದೆ ತೋರಿಸಿದರು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ನನಗಾಗಿ ಜಾಗ ಬಿಟ್ಟು ನಿಂತ. ಮಧುಕೇಶರು ಹೆಗಲ ಮೇಲೆ ಬೊಂಬನ್ನು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಬೆವರು ಒರೆಸಿಕೊಂಡು ನಕ್ಕರು.

"ಇದೊಂದು ಮುಗಿಸಿ ಇದೇ ಬಸ್ಸಿಗೆ ಹೊರಟುಬಿಡೋಣ ಅತ್ತೆ" ಎಂದರು. "ಇಂದು ಕಾಯ್ತಿರ್ತಾಳೆ."

ಹೂಂ ಎಂದೆ.